ಡೌನ್ ಸಿಂಡ್ರೋಮ್ ಇರುವ ಮಗುವಿನ ಮಾತು ಮತ್ತು ಮನಸ್ಸು: ಮನೆಯವರು ಹಂತ ಹಂತವಾಗಿ ಮಾಡಬಹುದಾದ ಕೆಲಸ

ಡೌನ್ ಸಿಂಡ್ರೋಮ್ ಇರುವ ಮಗುವಿನ ಬಗ್ಗೆ ನಮ್ಮ ಕಡೆಯ ನೆಂಟರಿಷ್ಟರು ಎರಡು ಮಾತುಗಳನ್ನು ತಪ್ಪದೆ ಆಡುತ್ತಾರೆ. ‘ಪಾಪ, ಮಾತು ಬರಲ್ಲ, ಏನೂ ತಿಳಿಯಲ್ಲ’ ಎನ್ನುವುದು ಒಂದು. ‘ಎಷ್ಟು ಪ್ರೀತಿ ನೋಡ್ರಿ, ಯಾರ ಹತ್ರಾನಾದ್ರೂ ಹೋಗ್ತಾನೆ, ಜನರನ್ನ ಚೆನ್ನಾಗಿ ಅರ್ಥ ಮಾಡ್ಕೊಳ್ತಾನೆ’ ಎನ್ನುವುದು ಇನ್ನೊಂದು. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವ ನನಗೆ ಡೌನ್ ಸಿಂಡ್ರೋಮ್ ಇರುವ ಹದಿನಾಲ್ಕು ವರ್ಷದ ಮಗನಿದ್ದಾನೆ. ಈ ಎರಡೂ ಮಾತುಗಳನ್ನು ಬಹುಕಾಲ ನಾನೂ ನಂಬಿದ್ದೆ. ಎರಡೂ ತಲೆಕೆಳಗು ಎಂಬುದು ನನಗೆ ತಿಳಿದದ್ದು ತಡವಾಗಿ. ಮಾತು ಬಾರದ ಮಗುವಿಗೆ ತಿಳಿವಳಿಕೆ ನಾವು ಎಣಿಸುವುದಕ್ಕಿಂತ ಹೆಚ್ಚಿಗೆ ಇರುತ್ತದೆ. ಎಲ್ಲರೊಡನೆ ಬೆರೆಯುವ ಅದೇ ಮಗುವಿಗೆ ಎದುರಿನವರ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದು ತಾನಾಗಿಯೇ ಹೊಳೆಯುವುದಿಲ್ಲ. ಅದನ್ನು ಕೂಡ ಅಕ್ಷರ ಕಲಿಸಿದ ಹಾಗೆ ಕೂತು ಕಲಿಸಬೇಕಾಗುತ್ತದೆ.

ಸಾಮಾನ್ಯವಾಗಿ ಪ್ರತಿ ಜೀವಕೋಶದಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ಈ ಸ್ಥಿತಿ ಉಂಟಾಗುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಇದರ ಲಕ್ಷಣಗಳನ್ನು 1866ರಲ್ಲಿ ವಿವರಿಸಿದರೆ, ಕಾರಣ ವರ್ಣತಂತುವಿನಲ್ಲಿದೆ ಎಂಬುದನ್ನು ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವರ ಸಂಗಡಿಗರು 1959ರಲ್ಲಿ ಪ್ರಕಟಿಸಿದರು. ತಾಯಿ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದರಿಂದಲೋ ಯಾರದೋ ಕಣ್ಣು ಬಿದ್ದದ್ದರಿಂದಲೋ ಬಂದದ್ದಲ್ಲ ಎಂದು ಮನೆಯ ಹಿರಿಯರಿಗೆ ಒಮ್ಮೆ ಸಮಾಧಾನದಿಂದ ತಿಳಿಸಿ, ಅಲ್ಲಿಗೆ ಆ ಚರ್ಚೆ ಮುಗಿಸಿಬಿಡುವುದು ಒಳ್ಳೆಯದು. ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ಮೊದಲ ಹೆಜ್ಜೆ: ಕಿವಿ

ಮಾತು ತಡವಾದಾಗ ಎಲ್ಲರ ಕಣ್ಣು ನಾಲಿಗೆಯ ಮೇಲೆ ಬೀಳುತ್ತದೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಜೇನು ನೆಕ್ಕಿಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಹರಕೆಗೆ ನನ್ನ ತಕರಾರಿಲ್ಲ. ಆದರೆ ಒಂದು ವರ್ಷ ತುಂಬದ ಯಾವ ಮಗುವಿಗೂ ಜೇನುತುಪ್ಪ ಕೊಡಬಾರದು, ಮತ್ತು ಇದ್ಯಾವುದಕ್ಕೂ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಬೇಕು.

ಈ ಮಕ್ಕಳ ಕಿವಿಯ ನಾಳ ಕಿರಿದು. ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಗಾಳಿ ಒಯ್ಯುವ ಕೊಳವೆಯೂ ಕಿರಿದಾಗಿ, ಸಡಿಲವಾಗಿ ಇರುತ್ತದೆ. ಹೀಗಾಗಿ ಒಂದು ನೆಗಡಿ ಬಂದು ಹೋದ ಮೇಲೂ ಕಿವಿಯ ಪರದೆಯ ಹಿಂದೆ ಅಂಟಿನಂಥ ದ್ರವ ವಾರಗಟ್ಟಲೆ ನಿಂತುಬಿಡುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಸೋರುವುದೂ ಇಲ್ಲ; ಮಗು ಅಳುವುದಿಲ್ಲವಾದ್ದರಿಂದ ನಮಗೆ ತಿಳಿಯುವುದೂ ಇಲ್ಲ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಒಂದು ದಿನ ಮನೆಯಲ್ಲಿ ಓಡಾಡಿ ನೋಡಿ. ಪದದ ಮೊದಲ ಭಾಗ ಕೇಳುತ್ತದೆ, ಕೊನೆ ಕರಗಿಹೋಗುತ್ತದೆ. ಇದು ಕನ್ನಡಕ್ಕೆ ದೊಡ್ಡ ಹೊಡೆತ, ಏಕೆಂದರೆ ನಮ್ಮ ಭಾಷೆಯ ವ್ಯಾಕರಣವೆಲ್ಲ ಪದದ ಬಾಲದಲ್ಲಿದೆ. ಮನೆಗೆ, ಮನೆಯಲ್ಲಿ, ಮನೆಯಿಂದ ಎಂಬ ಮೂರೂ ಆ ಮಗುವಿಗೆ ಬರೀ ‘ಮನೆ’ ಆಗಿ ಕೇಳಿಸಿದರೆ, ಅದು ಪ್ರತ್ಯಯವನ್ನು ಎಲ್ಲಿಂದ ಕಲಿಯಬೇಕು?

ಹಿಂದಿನಿಂದ ಚಪ್ಪಾಳೆ ತಟ್ಟಿ, ಮಗು ತಿರುಗಿದರೆ ಕಿವಿ ಸರಿಯಿದೆ ಎಂದು ನಿಶ್ಚಯಿಸಬಾರದು. ನೆರಳು ಕಂಡರೂ ಮಗು ತಿರುಗುತ್ತದೆ. ಮಲಗಿಸಿ ತಲೆಗೆ ತಂತಿ ಅಂಟಿಸಿ ಮಾಡುವ ಬೆರಾ ಪರೀಕ್ಷೆ, ಕಿವಿಯ ಪರದೆ ಎಷ್ಟು ಅಲುಗಾಡುತ್ತದೆ ಎಂದು ನೋಡುವ ಟಿಂಪನೋಮೆಟ್ರಿ ಪರೀಕ್ಷೆ, ಇವೆರಡನ್ನೂ ಕೇಳಿ ಮಾಡಿಸಿಕೊಳ್ಳಿ. ಹುಟ್ಟಿದಾಗ ಒಮ್ಮೆ, ಮೊದಲ ಕೆಲವು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಬುದು ರೂಢಿಯ ಲೆಕ್ಕ. ಅದರ ಜೊತೆಗೆ ವರ್ಷಕ್ಕೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮತ್ತು ಕಣ್ಣಿನ ತಪಾಸಣೆ ಆಗಲಿ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ ಆ ಪರೀಕ್ಷೆ ಎಲ್ಲಕ್ಕಿಂತ ಮೊದಲೇ ಆಗಿರಬೇಕು. ನಮ್ಮ ಮಗನನ್ನು ನೋಡಿದ ವೈದ್ಯರೊಬ್ಬರು ‘ಈ ಮಕ್ಕಳು ಹೀಗೇ, ಮಾತು ಲೇಟು’ ಎಂದು ಹೇಳಿ ಕಳಿಸಿದ್ದರು. ನಾವೂ ತಲೆಯಾಡಿಸಿ ಬಂದೆವು. ಮೂರು ವರ್ಷ ತುಂಬಿದ ಮೇಲೆ ಇನ್ನೊಂದು ಕಡೆ ತೋರಿಸಿದಾಗ ಎರಡೂ ಕಿವಿಯಲ್ಲಿ ದ್ರವ ನಿಂತಿದ್ದದ್ದು ಗೊತ್ತಾಯಿತು. ‘ಈ ಮಕ್ಕಳು ಹೀಗೇ’ ಎಂಬ ಮಾತನ್ನು ಯಾರಾದರೂ ಆಡಿದರೆ, ಅದಕ್ಕೆ ಪರೀಕ್ಷೆಯ ಚೀಟಿ ಎಲ್ಲಿ ಎಂದು ಈಗ ನಾನು ಕೇಳುತ್ತೇನೆ.

ಎರಡನೆಯ ಹೆಜ್ಜೆ: ಎರಡು ಸಾಲಿನ ನೋಟ್‌ಬುಕ್

ನೂರು ಪುಟದ ನೋಟ್‌ಬುಕ್ಕಿನ ಪ್ರತಿ ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಗಡೆ ಮಗುವಿಗೆ ಅರ್ಥವಾಗುವ ಪದಗಳು, ಬಲಗಡೆ ಮಗು ಆಡುವ ಅಥವಾ ಸನ್ನೆಯಲ್ಲಿ ತೋರಿಸುವ ಪದಗಳು. ಅರ್ಥವಾಗುತ್ತದೆಯೇ ಎಂದು ನೋಡುವಾಗ ಕೈ ತೋರಿಸದೆ, ಕಣ್ಣು ಹಾಯಿಸದೆ ಕೇಳಬೇಕು. ‘ಚೊಂಬು ಎಲ್ಲೈತೆ?’ ಎಂದು ಕೇಳುತ್ತ ನೀವೇ ಚೊಂಬಿನ ಕಡೆ ನೋಡಿದರೆ ಮಗು ನಿಮ್ಮ ಕಣ್ಣನ್ನು ಓದಿ ಉತ್ತರ ಹೇಳುತ್ತದೆ. ಅದೂ ಒಂದು ಜಾಣತನವೇ, ಆದರೆ ಬೇರೆ ಜಾಣತನ.

ಒಂದು ತಿಂಗಳಲ್ಲಿ ಎಡಗಡೆಯ ಸಾಲು ಉದ್ದವಾಗಿಯೂ ಬಲಗಡೆಯದು ಗಿಡ್ಡವಾಗಿಯೂ ಕಾಣಿಸುವುದು ಬಹುತೇಕ ಖಚಿತ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಥ ಮಾಡಿಕೊಳ್ಳುವ ಶಕ್ತಿ ಮುಂದೆ, ಆಡುವ ಶಕ್ತಿ ಹಿಂದೆ ಇರುವುದು ಜಗತ್ತಿನಾದ್ಯಂತ ಕಂಡಿರುವ ಲಕ್ಷಣ. ಬಾಯಿಯ ಸ್ನಾಯು ಸಡಿಲ, ಬಾಯೊಳಗಿನ ಜಾಗ ಕಿರಿದು, ಕೇಳಿದ್ದನ್ನು ಕ್ಷಣಕಾಲ ನೆನಪಿನಲ್ಲಿ ಹಿಡಿದಿಡುವ ಶಕ್ತಿ ಕಡಿಮೆ. ಇವೆಲ್ಲ ಸೇರಿ ಮಾತನ್ನು ಹಿಂದಕ್ಕೆ ಎಳೆಯುತ್ತವೆ. ನೋಡಿದ್ದನ್ನು ನೆನಪಿಡುವ ಶಕ್ತಿ ಮಾತ್ರ ಅದಕ್ಕಿಂತ ಗಟ್ಟಿ. ಮುಂದಿನ ಎಲ್ಲ ಹೆಜ್ಜೆಗಳೂ ಇದನ್ನೇ ನೆಚ್ಚಿಕೊಂಡಿವೆ. ಕಿವಿಯಿಂದ ಜಾರಿಹೋಗುವುದನ್ನು ಕಣ್ಣಿನ ಮುಂದೆ ಇಡಬೇಕು.

ಮೂರನೆಯ ಹೆಜ್ಜೆ: ಕೈ

ಸನ್ನೆ ಕಲಿಸಿದರೆ ಮಗು ಮಾತಾಡುವುದನ್ನೇ ಬಿಟ್ಟುಬಿಡುತ್ತದೆ ಎಂಬ ಹೆದರಿಕೆ ಅಜ್ಜಿಯಂದಿರಿಂದ ಶಿಕ್ಷಕರವರೆಗೆ ಎಲ್ಲರಲ್ಲೂ ಇದೆ. ನಿಜದಲ್ಲಿ ಸನ್ನೆ ಮಾತಿಗೆ ಏಣಿಯಾಗುತ್ತದೆ. ಬಾಯಿ ಸಿದ್ಧವಾದಂತೆ ಮಗು ತಾನೇ ಸನ್ನೆಯನ್ನು ಬಿಡುತ್ತ ಹೋಗುತ್ತದೆ. ಊಟ, ನೀರು, ಸಾಕು, ಇನ್ನೂ ಬೇಕು, ನೋವು, ಹೊರಗೆ, ಉಚ್ಚೆ ಎಂಬ ಏಳೆಂಟು ಪದಗಳಿಂದ ಶುರುಮಾಡಿ. ಸನ್ನೆ ಮಾಡುವಾಗ ಪ್ರತಿ ಸಲವೂ ಬಾಯಲ್ಲಿ ಪದ ಹೇಳಬೇಕು, ಮತ್ತು ಮನೆಯವರೆಲ್ಲ ಒಂದೇ ಸನ್ನೆ ಬಳಸಬೇಕು. ಅಪ್ಪನ ‘ನೀರು’ ಒಂದು, ಅಜ್ಜಿಯ ‘ನೀರು’ ಇನ್ನೊಂದು ಆದರೆ ಪ್ರಯೋಜನವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಈ ಮಕ್ಕಳು ಮುಖ ನೋಡಿ ನಗುವುದರಲ್ಲಿ, ಆಟಕ್ಕೆ ಕರೆಯುವುದರಲ್ಲಿ ಮುಂದಿದ್ದರೂ ‘ಅದನ್ನು ಕೊಡು’ ಎಂದು ಕೈ ಚಾಚಿ ಕೇಳುವುದರಲ್ಲಿ ಹಿಂದಿರುತ್ತಾರೆ. ನಾವು ಕೇಳುವುದಕ್ಕೆ ಮೊದಲೇ ಕೊಟ್ಟುಬಿಡುತ್ತೇವೆ, ಹೀಗಾಗಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಮಂಡಕ್ಕಿ ಡಬ್ಬವನ್ನು ಮಗುವಿಗೆ ಕಾಣುವ, ಆದರೆ ಎಟುಕದ ಗೂಡಿನಲ್ಲಿ ಇಡಿ. ಸಂಜೆ ನಾಲ್ಕು ಗಂಟೆಗೆ ಡಬ್ಬದ ಕೆಳಗೆ ಮಗುವಿನ ಜೊತೆ ಸುಮ್ಮನೆ ನಿಲ್ಲಿ. ಕೇಳಲಿ.

ನಾಲ್ಕನೆಯ ಹೆಜ್ಜೆ: ಮನಸ್ಸಿನಲ್ಲೇ ಹತ್ತು ಎಣಿಸುವುದು

ಖರ್ಚಿಲ್ಲದ್ದು ಇದು, ಅತ್ಯಂತ ಕಷ್ಟದ್ದೂ ಇದೇ. ಪ್ರಶ್ನೆ ಕೇಳಿದ ಮೇಲೆ ಈ ಮಕ್ಕಳಿಗೆ ಕೇಳಿದ್ದನ್ನು ಅರ್ಥಮಾಡಿಕೊಂಡು, ಪದ ಹುಡುಕಿ, ಬಾಯಿಗೆ ತರಲು ಹೆಚ್ಚು ಹೊತ್ತು ಬೇಕು. ನಾವು ಎರಡು ಸೆಕೆಂಡಿಗೆ ತಾಳ್ಮೆ ಕಳೆದುಕೊಂಡು ಮತ್ತೆ ಕೇಳುತ್ತೇವೆ, ಬೇರೆ ಪದಗಳಲ್ಲಿ ಕೇಳುತ್ತೇವೆ, ಕೊನೆಗೆ ನಾವೇ ಉತ್ತರ ಹೇಳುತ್ತೇವೆ. ಪ್ರತಿ ಸಲ ಮಾತು ಬದಲಿಸಿದಾಗಲೂ ಮಗು ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಮಗನಿಗೆ ಆರು ವರ್ಷವಿದ್ದಾಗ ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತಿದ್ದೆವು. ಸಪ್ಲೈಯರ್ ಹುಡುಗ ನೇರವಾಗಿ ಅವನನ್ನೇ ನೋಡಿ ‘ಏನ್ ಬೇಕಪ್ಪಾ?’ ಎಂದ. ಎಂದಿನಂತೆ ಬಾಯಿ ತೆರೆದ ನನ್ನ ಕೈಯನ್ನು ಹೆಂಡತಿ ಮೇಜಿನ ಕೆಳಗೆ ಒತ್ತಿ ಹಿಡಿದಳು. ನಾನು ಎಣಿಸತೊಡಗಿದೆ. ನಾಲ್ಕು, ಐದು. ಪಕ್ಕದ ಮೇಜಿನವರು ನೋಡುತ್ತಿದ್ದರು. ಏಳು, ಎಂಟು. ಮಗ ಸ್ಪಷ್ಟವಲ್ಲದ ದನಿಯಲ್ಲಿ ‘ಕಾಲಿ’ ಎಂದ. ತಟ್ಟೆಯಿನ್ನೂ ಬಂದಿಲ್ಲ, ಮೇಜು ಖಾಲಿ ಇದೆ ಎನ್ನುತ್ತಿದ್ದಾನೆ ಎಂದುಕೊಂಡು ನಾನು ‘ಹೌದು ಮರಿ, ಈಗ ತರ್ತಾರೆ’ ಎಂದೆ. ಹುಡುಗ ನಗುತ್ತ ಒಳಗೆ ಹೋಗಿ ಒಂದು ಖಾಲಿ ದೋಸೆ ತಂದು ಅವನ ಮುಂದಿಟ್ಟ. ಮಗ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಆರು ವರ್ಷದಿಂದ ಅವನ ಬಾಯಿಗೆ ದುಭಾಷಿಯಾಗಿದ್ದ ನನಗಿಂತ, ಒಂದು ನಿಮಿಷ ನಿಂತು ಕೇಳಿದ ಹುಡುಗನಿಗೆ ಅವನ ಮಾತು ಚೆನ್ನಾಗಿ ತಿಳಿದಿತ್ತು.

ಆದ್ದರಿಂದ: ಒಂದೇ ಪ್ರಶ್ನೆ, ಒಂದೇ ಸಲ, ಮುಖ ಅವನ ಮುಖದ ಎತ್ತರಕ್ಕೆ ತಂದು, ಆಮೇಲೆ ಹತ್ತು. ಮನೆಗೆ ಬಂದವರಿಗೂ ಇದನ್ನು ಹೇಳಿಕೊಡಿ. ಅಂಗಡಿ, ಬಸ್ಸು, ಗಿರಣಿ ಎಲ್ಲಿಯಾದರೂ ಜನ ‘ಇವನ ಹೆಸರೇನ್ರಿ?’ ಎಂದು ನಿಮ್ಮನ್ನು ಕೇಳಿದರೆ ‘ಅವನನ್ನೇ ಕೇಳಿ’ ಎನ್ನಿ.

ಐದನೆಯ ಹೆಜ್ಜೆ: ವಾಕ್ಯವನ್ನು ಬಿಡಿಸಿ ಹೇಳುವುದು, ಒಂದು ಪದ ಸೇರಿಸಿ ಮರಳಿಸುವುದು

ಕನ್ನಡ ಮೇಷ್ಟ್ರಾಗಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲಿ. ನಮ್ಮ ಮನೆಮಾತಿನ ಒಂದು ಸಹಜ ವಾಕ್ಯ ನೋಡಿ: ‘ಚಪ್ಪಲಿ ಬಿಟ್ಟು, ಕೈಕಾಲು ತೊಳ್ಕೊಂಡು, ಬ್ಯಾಗ್ ಒಳಗಿಟ್ಟು ಬಂದು ಊಟಕ್ಕೆ ಕೂತ್ಕೋ.’ ಬಿಟ್ಟು, ತೊಳ್ಕೊಂಡು, ಇಟ್ಟು, ಬಂದು ಎಂದು ಕೊಂಡಿ ಹಾಕುತ್ತ ಹೋಗಿ ಕೊನೆಯಲ್ಲಿ ಕ್ರಿಯಾಪದ ಇಡುವುದು ಕನ್ನಡದ ಸೊಗಸು. ಆದರೆ ಕೇಳಿದ್ದರಲ್ಲಿ ಎರಡು ಮೂರು ತುಣುಕುಗಳನ್ನಷ್ಟೇ ಹಿಡಿದಿಡಬಲ್ಲ ಮಗುವಿಗೆ ಉಳಿಯುವುದು ಕೊನೆಯ ಕೊಂಡಿ ಮಾತ್ರ. ಅದು ಚಪ್ಪಲಿ ಕಾಲಲ್ಲೇ ಊಟಕ್ಕೆ ಕೂರುತ್ತದೆ, ಮತ್ತು ನಾವು ‘ಹೇಳಿದ ಮಾತು ಕೇಳಲ್ಲ, ಹಟಮಾರಿ’ ಎನ್ನುತ್ತೇವೆ. ಮಗು ಹೇಳಿದ ಮಾತನ್ನು ಕೇಳಿದೆ. ಅದಕ್ಕೆ ನೆನಪಿನಲ್ಲಿ ಉಳಿದ ಮಾತು ಅದೊಂದೇ.

‘ಚಪ್ಪಲಿ ಬಿಡು.’ ಬಿಟ್ಟಿತು. ‘ಕೈ ತೊಳ್ಕೋ.’ ತೊಳೆಯಿತು. ಹೀಗೆ ಒಂದೊಂದಾಗಿ ಹೇಳಿ. ದಿನವೂ ನಡೆಯುವ ಕೆಲಸಗಳಿಗೆ ನಾಲ್ಕು ಚಿತ್ರಗಳನ್ನು ಬಚ್ಚಲ ಬಾಗಿಲಿಗೆ ಸಾಲಾಗಿ ಅಂಟಿಸಿದರೆ ಹೇಳುವುದೂ ತಪ್ಪುತ್ತದೆ.

ಇನ್ನು ಮಗು ಆಡುವ ಮಾತು. ಅದು ‘ಅಜ್ಜಿ ಊರು’ ಎಂದರೆ, ‘ಸರಿಯಾಗಿ ಹೇಳು’ ಎನ್ನಬೇಡಿ. ‘ಹ್ಞೂಂ, ಅಜ್ಜಿ ಊರಿಗೆ ಹೋದಳು’ ಎಂದು, ಅದು ಆಡಿದ್ದಕ್ಕೆ ಒಂದು ಪ್ರತ್ಯಯವನ್ನೋ ಒಂದು ಕ್ರಿಯಾಪದವನ್ನೋ ಸೇರಿಸಿ ಮರಳಿಸಿ. ಸೇರಿಸಿದ ಭಾಗವನ್ನು ಸ್ವಲ್ಪ ಎಳೆದು ಹೇಳಿ: ‘ಊರಿಗೇ.’ ಮಗು ಮತ್ತೆ ಹೇಳಲೇಬೇಕೆಂದು ಒತ್ತಾಯಿಸಬೇಡಿ. ಪದಸಂಪತ್ತು ವರ್ಷ ವರ್ಷಕ್ಕೆ ಬೆಳೆಯುತ್ತದೆ, ವ್ಯಾಕರಣ ಮಾತ್ರ ಬಹಳ ನಿಧಾನ. ಬಂದನು, ಬಂದಳು, ಬಂದರು ಎಂಬ ಭೇದ ನನ್ನ ಮಗನಿಗೆ ಹತ್ತು ವರ್ಷ ದಾಟಿದ ಮೇಲೆ ನಿಂತಿತು. ಹದಿಹರೆಯದಲ್ಲೂ ಭಾಷೆ ಬೆಳೆಯುತ್ತಲೇ ಇರುತ್ತದೆ. ಏಳು ವರ್ಷಕ್ಕೆ ಬಂದದ್ದೇ ಬಂತು ಎಂದು ಕೈಬಿಡುವುದು ದೊಡ್ಡ ತಪ್ಪು.

ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ನಮ್ಮ ಜಿಲ್ಲೆಗಳಲ್ಲಿ ಬಂದೇ ಬರುತ್ತದೆ. ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಅಥವಾ ಮರಾಠಿ, ಬೀದಿಯಲ್ಲಿ ಕನ್ನಡ, ಶಾಲೆಯ ಬೋರ್ಡಿನ ಮೇಲೆ ಇಂಗ್ಲಿಷ್. ‘ಮಗು ಗೊಂದಲಕ್ಕೆ ಬೀಳುತ್ತದೆ, ಮನೆಯಲ್ಲೂ ಇಂಗ್ಲಿಷೇ ಆಡಿ’ ಎಂದು ಒಂದು ಶಾಲೆಯವರು ನಮಗೂ ಹೇಳಿದ್ದರು. ಡೌನ್ ಸಿಂಡ್ರೋಮ್ ಇರುವ ದ್ವಿಭಾಷಿಕ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ, ಎರಡನೆಯ ಭಾಷೆಯಿಂದ ಮೊದಲನೆಯದಕ್ಕೆ ಕೇಡಾದದ್ದು ಕಂಡಿಲ್ಲ. ತನಗೆ ಸಲೀಸಾಗಿ ಬಾರದ ಇಂಗ್ಲಿಷಿನಲ್ಲಿ ತಾಯಿ ಆಡುವ ನಾಲ್ಕು ಹರಕು ಮಾತಿಗಿಂತ, ತನ್ನ ಭಾಷೆಯಲ್ಲಿ ದಿನವಿಡೀ ಆಡುವ ಸಾವಿರ ಮಾತು ಮಗುವಿಗೆ ಬೇಕು.

ಆರನೆಯ ಹೆಜ್ಜೆ: ಓದು

ಮಾತೇ ಬಾರದ ಮಗುವಿಗೆ ಓದು ಹೇಗೆ ಎಂದು ಕೇಳುತ್ತಾರೆ. ಮಾತು ಬರಲೆಂದೇ ಓದು. ಆಡಿದ ಪದ ಗಾಳಿಯಲ್ಲಿ ಹೋಗಿಬಿಡುತ್ತದೆ. ಬರೆದ ಪದ ಮಗು ನೋಡುವಷ್ಟು ಹೊತ್ತೂ ಅಲ್ಲೇ ಇರುತ್ತದೆ. ಸುಮಾರು ಮೂರು ವರ್ಷದಿಂದಲೇ, ಐವತ್ತರಷ್ಟು ಪದ ಅರ್ಥವಾಗುತ್ತಿದ್ದರೆ, ಶುರುಮಾಡಬಹುದು. ಬ್ರಿಟನ್ನಿನ ಮನೋವಿಜ್ಞಾನಿ ಸ್ಯೂ ಬಕ್ಲಿ ಮತ್ತು ಅವರ ತಂಡ ದಶಕಗಳಿಂದ ಹೇಳುತ್ತ ಬಂದಿರುವುದೂ ಇದನ್ನೇ.

ಅಆಇಈಯಿಂದ ಆರಂಭಿಸಬೇಡಿ. ಮನೆಯವರ ಫೋಟೋಗಳ ಕೆಳಗೆ ದಪ್ಪ ಅಕ್ಷರದಲ್ಲಿ ‘ಅಮ್ಮ’, ‘ಅಪ್ಪ’, ‘ಅಜ್ಜಿ’, ‘ಮಾವ’ ಎಂದು ಇಡೀ ಪದ ಬರೆಯಿರಿ. ಮೊದಲು ಚೀಟಿಗೆ ಚೀಟಿ ಹೊಂದಿಸುವುದು, ಆಮೇಲೆ ‘ಅಜ್ಜಿ ತೋರಿಸು’ ಎಂದಾಗ ತೋರಿಸುವುದು, ಕೊನೆಗೆ ಚೀಟಿ ನೋಡಿ ಹೇಳುವುದು. ಹತ್ತು ಹದಿನೈದು ಪದ ನಿಂತ ಮೇಲೆ ಪ್ರತ್ಯಯಗಳನ್ನು ಬೇರೆ ಬಣ್ಣದ ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಿ. ಕಪ್ಪು ಶಾಯಿಯ ‘ಶಾಲೆ’ ಪಕ್ಕಕ್ಕೆ ಕೆಂಪು ಶಾಯಿಯ ‘ಗೆ’, ಇಲ್ಲವೇ ‘ಯಲ್ಲಿ’, ಇಲ್ಲವೇ ‘ಯಿಂದ’. ಕಿವಿಗೆ ಎಂದೂ ಪೂರ್ತಿ ಕೇಳದಿದ್ದ ಆ ಬಾಲ ಕಣ್ಣಿಗೆ ಕೆಂಪಗೆ ಕಂಡಾಗ ನನ್ನ ಮಗ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದ. ಕಾಗುಣಿತ ಆಮೇಲೆ ಬಂತು.

ಚೀಟಿಯ ಮೇಲೆ ಗ್ರಾಂಥಿಕ ಕನ್ನಡ ಬೇಡ. ಇದನ್ನು ಬರೆಯುತ್ತಿರುವವನು ವ್ಯಾಕರಣದ ಮೇಷ್ಟ್ರು ಎಂಬುದನ್ನು ನೆನಪಿಟ್ಟು ನಂಬಿ: ಮನೆಯಲ್ಲಿ ‘ಐತೆ’ ಎನ್ನುವವರು ‘ಐತೆ’ ಎಂದೇ ಬರೆಯಿರಿ. ‘ಇದೆ’ ಶಾಲೆಯಲ್ಲಿ ಸಿಗುತ್ತದೆ.

ಏಳನೆಯ ಹೆಜ್ಜೆ: ನಗುವಿಗೆ ಮರುಳಾಗದಿರುವುದು

ಇಲ್ಲಿಂದ ಮುಂದಿನದು ಮನಸ್ಸಿನ ಪಾಠ. ಈ ಮಕ್ಕಳ ನಗು, ಮುತ್ತು, ಕುಣಿತಗಳು ನಿಜವಾದ ಪ್ರೀತಿಯೇ. ಆದರೆ ಕಷ್ಟದ ಕೆಲಸ ಎದುರಾದಾಗ ಅದೇ ನಗು ತಪ್ಪಿಸಿಕೊಳ್ಳುವ ಬಾಗಿಲೂ ಆಗುತ್ತದೆ. ಗುಂಡಿ ಹಾಕಿಕೋ ಎಂದರೆ ಮಗು ಕತ್ತು ಓರೆಮಾಡಿ ಕಣ್ಣು ಮಿಟುಕಿಸುತ್ತದೆ. ಸೋದರತ್ತೆ ‘ಅಯ್ಯೋ ನನ್ನ ಬಂಗಾರ’ ಎಂದು ತಾನೇ ಗುಂಡಿ ಹಾಕುತ್ತಾಳೆ. ಕೆಲಸ ತಪ್ಪಿತು, ಕಲಿಕೆಯೂ ತಪ್ಪಿತು. ಗದರಬೇಕಾಗಿಲ್ಲ. ಕೆಲಸವನ್ನು ಚಿಕ್ಕದು ಮಾಡಿ: ಐದು ಗುಂಡಿಯಲ್ಲಿ ನಾಲ್ಕನ್ನು ನೀವು ಹಾಕಿ, ಕೊನೆಯದನ್ನು ಅವನಿಂದ ಹಾಕಿಸಿ. ಮುಗಿದ ಮೇಲೆ ಎಷ್ಟಾದರೂ ನಗಿ.

ಅಪ್ಪಿಕೊಳ್ಳುವುದರ ಬಗ್ಗೆಯೂ ಬೇಗನೆ ಎಚ್ಚರಾಗಬೇಕು. ನಾಲ್ಕು ವರ್ಷದ ಮಗು ದುಗ್ಗಮ್ಮನ ಜಾತ್ರೆಯಲ್ಲಿ ಅಪರಿಚಿತರನ್ನು ತಬ್ಬಿಕೊಂಡರೆ ಜನ ಮುದ್ದು ಮಾಡುತ್ತಾರೆ. ಹದಿನಾಲ್ಕರ ಹುಡುಗ ತಬ್ಬಿಕೊಂಡರೆ ಹೊಡೆಯುತ್ತಾರೆ, ಹುಡುಗಿಯಾದರೆ ದುರುಪಯೋಗ ಮಾಡಿಕೊಳ್ಳುವವರಿರುತ್ತಾರೆ. ಹದಿನಾಲ್ಕಕ್ಕೆ ಬೇಕಾದದ್ದನ್ನು ನಾಲ್ಕಕ್ಕೇ ಕಲಿಸಬೇಕು. ನಮ್ಮ ಮನೆಯ ಅಂಗಳದಲ್ಲಿ ಹೆಂಡತಿ ರಂಗೋಲಿ ಪುಡಿಯಲ್ಲಿ ಒಂದರೊಳಗೊಂದು ಮೂರು ಸುತ್ತು ಹಾಕಿದಳು. ಒಳಸುತ್ತಿನಲ್ಲಿ ಅಮ್ಮ, ಅಪ್ಪ, ಅಜ್ಜಿಯರ ಫೋಟೋ: ಅಪ್ಪಿಕೊಳ್ಳಬಹುದು. ನಡುಸುತ್ತಿನಲ್ಲಿ ನೆಂಟರು, ಟೀಚರು, ಪಕ್ಕದ ಮನೆಯವರು: ನಮಸ್ಕಾರ, ಇಲ್ಲವೇ ಕೈಕುಲುಕು. ಹೊರಸುತ್ತಿನಲ್ಲಿ ಗೊತ್ತಿಲ್ಲದವರು: ಸುಮ್ಮನಿರಬೇಕು. ಯಾರಾದರೂ ಮನೆಗೆ ಬಂದಾಗ ‘ಇವರು ಯಾವ ಸುತ್ತು?’ ಎಂದು ಮೆಲ್ಲಗೆ ಕೇಳುತ್ತಿದ್ದೆವು. ಕಷ್ಟವೆಲ್ಲ ದೊಡ್ಡವರಿಂದಲೇ, ನಡುಸುತ್ತಿನ ಮಾವಂದಿರು ‘ಏ, ಒಂದು ಮುತ್ತು ಕೊಡೋ’ ಎಂದು ಬಂದು ಪಾಠವನ್ನೆಲ್ಲ ಅಳಿಸುತ್ತಾರೆ.

‘ನೀನು’, ‘ನೀವು’ಗಳ ಪಾಠವೂ ಇದೇ ರಂಗೋಲಿಯ ಮೇಲೆ ನಡೆಯಬಹುದು. ಯಾರಿಗೆ ‘ಬಾ’, ಯಾರಿಗೆ ‘ಬನ್ನಿ’ ಎಂಬುದನ್ನು ಮಿಕ್ಕ ಮಕ್ಕಳು ಕೇಳಿ ಕೇಳಿಯೇ ಕಲಿಯುತ್ತಾರೆ. ಇವರಿಗೆ ಫೋಟೋದ ಪಕ್ಕ ಚೀಟಿ ಇಟ್ಟು ಕಲಿಸಬೇಕು.

ಭಾವನೆಗಳಿಗೆ ಹೆಸರಿಡುವುದು ಮುಂದಿನ ಕೆಲಸ. ಸಂತೋಷ, ಸಿಟ್ಟು, ಅಳು ಬೇಗ ತಿಳಿಯುತ್ತವೆ. ಹೆದರಿದ ಮುಖವನ್ನು ಗುರುತಿಸಲು ಈ ಮಕ್ಕಳಿಗೆ ಕಷ್ಟವಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನಾಯಿ ಬೊಗಳಿದಾಗ, ಕರೆಂಟು ಹೋದಾಗ, ಆ ಕ್ಷಣದಲ್ಲೇ ‘ಅಕ್ಕಂಗೆ ಹೆದರಿಕೆ ಆಗೈತೆ, ಅವಳ ಮುಖ ನೋಡು’ ಎಂದು ತೋರಿಸಿ. ಪುಸ್ತಕದ ಗುಂಡು ಮುಖಗಳ ಚಿತ್ರ ಅಷ್ಟು ಕೆಲಸಕ್ಕೆ ಬರುವುದಿಲ್ಲ.

ಒಂದು ಎಚ್ಚರಿಕೆ. ಮಗು ಮುಖವನ್ನೇ ನೋಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ತಾನು ಕಂಡದ್ದನ್ನು ನಿಮಗೆ ತೋರಿಸಬೇಕೆಂಬ ಆಸೆಯೇ ಇಲ್ಲದಿದ್ದರೆ, ಇಲ್ಲವೇ ಬಂದ ಮಾತು ಹಿಂದಕ್ಕೆ ಹೋದರೆ, ಅದನ್ನೆಲ್ಲ ಡೌನ್ ಸಿಂಡ್ರೋಮ್‌ನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಈ ಮಕ್ಕಳಲ್ಲಿ ಕೆಲವರಿಗೆ ಆಟಿಸಂ, ಅಂದರೆ ಇತರರೊಡನೆ ಬೆರೆಯುವುದೇ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ, ಕೂಡ ಇರುತ್ತದೆ, ಅವರಿಗೆ ಬೇಕಾದ ಸಹಾಯ ಬೇರೆ.

ಯಾರ ಬಳಿ ಹೋಗುವುದು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಗಿದ್ದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಅದು ತಪಾಸಣೆ ಮಾಡುವ ತೊಂದರೆಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಕೂಡ ಇದೆ. ಅಂಗನವಾಡಿಗೆ ಬರುವ ಆ ತಂಡದವರನ್ನು ಕೇಳಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗನೆ ನೋಡುವ ಡಿಇಐಸಿ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ (ಸಿಆರ್‌ಸಿ) ಇದೆ. ಮಾತು ಮತ್ತು ಕಿವಿಯ ವಿಷಯದಲ್ಲಿ ಪೂರ್ತಿ ತಪಾಸಣೆ ಬೇಕೆನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬರುವುದು ರೈಲು ಚಾರ್ಜಿಗೆ ತಕ್ಕ ಕೆಲಸ. ಹೋಗುವಾಗ ಆ ಎರಡು ಸಾಲಿನ ನೋಟ್‌ಬುಕ್ ಕೈಯಲ್ಲಿರಲಿ; ಹೊಸ ಜಾಗದಲ್ಲಿ ಮಗು ಬಾಯಿಬಿಡದಿದ್ದರೂ ಥೆರಪಿಸ್ಟರಿಗೆ ಅದು ಮಾತಾಡುತ್ತದೆ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಬಹುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಕಾಯ್ದೆ ಹೇಳುವ ಪ್ರಮಾಣದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಸಾಧ್ಯವಿದ್ದರೆ ಊರಿನ ಶಾಲೆಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಾತಿಗೆ ಮಾತಾಡುವ ಮಕ್ಕಳು ಬೇಕು.

ಎಂಟನೆಯ ಹೆಜ್ಜೆ: ‘ಅಂದುಕೊಂಡ’

ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು, ಇನ್ನೊಬ್ಬರು ತಪ್ಪಾಗಿ ತಿಳಿದಿರಬಹುದು ಎಂಬ ಅರಿವು ಸಾಮಾನ್ಯವಾಗಿ ನಾಲ್ಕು ವರ್ಷದ ಹೊತ್ತಿಗೆ ಮೂಡುತ್ತದೆ. ಇದನ್ನು ಅಳೆಯುವ ಒಂದು ಹೆಸರಾಂತ ಪರೀಕ್ಷೆಯನ್ನು ಮನೋವಿಜ್ಞಾನಿಗಳಾದ ಸೈಮನ್ ಬ್ಯಾರನ್ ಕೋಹೆನ್, ಅಲನ್ ಲೆಸ್ಲಿ ಮತ್ತು ಉಟಾ ಫ್ರಿತ್ 1985ರಲ್ಲಿ ಪ್ರಕಟಿಸಿದರು. ಒಂದು ಗೊಂಬೆ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ; ಇನ್ನೊಂದು ಗೊಂಬೆ ಅದನ್ನು ಪೆಟ್ಟಿಗೆಗೆ ಸಾಗಿಸುತ್ತದೆ; ಮೊದಲ ಗೊಂಬೆ ಬಂದು ಎಲ್ಲಿ ಹುಡುಕುತ್ತದೆ? ಆಟಿಸಂ ಇರುವ 20 ಮಕ್ಕಳಲ್ಲಿ ಸರಿಯಾಗಿ, ಅಂದರೆ ಬುಟ್ಟಿಯಲ್ಲಿ ಎಂದು, ಹೇಳಿದವರು 4, ಡೌನ್ ಸಿಂಡ್ರೋಮ್ ಇರುವ 14 ಮಕ್ಕಳಲ್ಲಿ 12. ಇದರಿಂದ ಡೌನ್ ಸಿಂಡ್ರೋಮ್ ಇರುವವರಿಗೆ ಈ ವಿಷಯದಲ್ಲಿ ತೊಂದರೆಯೇ ಇಲ್ಲ ಎಂದು ಬಹುಕಾಲ ನಂಬಲಾಗಿತ್ತು. ನಂತರದ ಅಧ್ಯಯನಗಳು ಅಷ್ಟು ಒಳ್ಳೆಯ ಫಲಿತಾಂಶ ಕೊಡಲಿಲ್ಲ; ಅನೇಕ ಮಕ್ಕಳು ಇಂಥ ಪ್ರಶ್ನೆಗಳಲ್ಲಿ ಎಡವುತ್ತಾರೆ, ಮತ್ತು ಪ್ರಶ್ನೆಯ ಭಾಷೆ ಉದ್ದವಾದಷ್ಟೂ ಹೆಚ್ಚು ಎಡವುತ್ತಾರೆ. ಮನಸ್ಸನ್ನು ಕುರಿತು ಆಡಲು ಮಾತು ಬೇಕು. ಆ ಮಾತು ಇಲ್ಲದಿದ್ದರೆ ಆಲೋಚನೆಗೂ ಹಿಡಿಕೆ ಸಿಗುವುದಿಲ್ಲ.

ಕನ್ನಡದಲ್ಲಿ ಆ ಹಿಡಿಕೆಗಳು ಸಿದ್ಧವಾಗಿವೆ: ಗೊತ್ತು, ಗೊತ್ತಿಲ್ಲ, ಮರೆತೆ, ನೆನಪಾಯ್ತು, ಅಂದುಕೊಂಡೆ. ಕೊನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ದಿನಕ್ಕೆ ಹತ್ತು ಸಲ ಅದನ್ನು ನಿಮ್ಮ ಬಗ್ಗೆಯೇ ಬಳಸಿ: ‘ಬಸ್ ಹೋಯ್ತು ಅಂದ್ಕೊಂಡಿದ್ದೆ, ಆದ್ರೆ ಬಸ್ ಇಲ್ಲೇ ಐತೆ.’ ಆಮೇಲೆ ಡಬ್ಬದ ಆಟ. ಎಲ್ಲರ ಮನೆಯಲ್ಲೂ ಸೂಜಿದಾರ ತುಂಬಿದ ಹಳೆಯ ಬಿಸ್ಕತ್ ಡಬ್ಬವೊಂದು ಇದ್ದೇ ಇರುತ್ತದೆ. ಏನಿದೆ ಎಂದು ಮಗುವನ್ನು ಕೇಳಿ. ‘ಬಿಸ್ಕತ್ತು.’ ತೆರೆದು ತೋರಿಸಿ: ದಾರದ ಉಂಡೆ. ‘ನೀನು ಬಿಸ್ಕತ್ತು ಅಂದ್ಕೊಂಡೆ.’ ಮುಚ್ಚಿ, ಹೊರಗಿದ್ದ ಅಕ್ಕನನ್ನು ಕರೆಯುವ ಮೊದಲು ಕೇಳಿ: ‘ಅಕ್ಕ ಏನೈತೆ ಅಂದ್ಕೊಳ್ತಾಳೆ?’ ನನ್ನ ಮಗ ಎರಡು ವರ್ಷ ‘ದಾರ’ ಎಂದೇ ಹೇಳಿದ. ತಪ್ಪು ಎನ್ನಬೇಡಿ. ಅಕ್ಕನನ್ನು ಕರೆಯಿರಿ, ಅವಳು ‘ಬಿಸ್ಕತ್ತು’ ಎನ್ನಲಿ, ಡಬ್ಬ ತೆರೆದು ಅವಳು ಬೇಸ್ತು ಬೀಳುವುದನ್ನು ಮಗು ಕಣ್ಣಾರೆ ನೋಡಲಿ. ನಗಲಿ.

ನಮ್ಮ ಸೀಮೆಯವರಿಗೆ ಇದಕ್ಕಿಂತ ದೊಡ್ಡ ಪಾಠವೊಂದು ಕಲ್ಲಿನಲ್ಲೇ ಇದೆ. ಚಿತ್ರದುರ್ಗದ ಕೋಟೆಯ ಓಬವ್ವನ ಕಿಂಡಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಆ ಕಿಂಡಿಯಲ್ಲಿ ನುಸುಳಿದ್ದು, ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಮರೆಯಲ್ಲಿ ನಿಂತದ್ದು ನಮ್ಮ ಮಕ್ಕಳಿಗೆಲ್ಲ ಗೊತ್ತು. ನನ್ನ ಮಗ ಒನಕೆ ಎತ್ತುವ ಅಭಿನಯವನ್ನು ಐದು ವರ್ಷಕ್ಕೇ ಮಾಡುತ್ತಿದ್ದ. ಆದರೆ ಕತೆ ನಿಂತಿರುವುದು ಒನಕೆಯ ಮೇಲಲ್ಲ, ಸೈನಿಕನಿಗೆ ಏನು ಗೊತ್ತಿರಲಿಲ್ಲ ಎಂಬುದರ ಮೇಲೆ. ಅವನಿಗೆ ಏಕೆ ಏಟು ಬಿತ್ತು, ಅವನೇಕೆ ಹಿಂದಕ್ಕೆ ಓಡಲಿಲ್ಲ ಎಂದು ಮನೆಯಲ್ಲಿ ಎಷ್ಟು ಸಲ ಕೇಳಿದರೂ ಮಗ ‘ಓಬವ್ವ ಹೊಡೆದ್ಳು’ ಎಂದಷ್ಟೇ ಹೇಳುತ್ತಿದ್ದ.

ಹೆಂಡತಿಯ ತವರು ಚಿತ್ರದುರ್ಗ. ಅವನಿಗೆ ಹನ್ನೊಂದು ತುಂಬಿದ ವರ್ಷ ಕೋಟೆಗೆ ಹೋದಾಗ ಕತೆ ಹೇಳುವುದನ್ನು ಬಿಟ್ಟು ಅವನನ್ನೇ ಸೈನಿಕನನ್ನಾಗಿ ಮಾಡಿದೆವು. ತಾಯಿ ಕಿಂಡಿಯ ಒಳಮಗ್ಗುಲಲ್ಲಿ ನಿಂತಳು, ನಾನು ಮತ್ತು ಅವನು ಹೊರಗೆ. ಬಗ್ಗಿ ನೋಡಿಸಿ ‘ಅಮ್ಮ ಕಾಣ್ತಾಳಾ?’ ಎಂದೆ. ‘ಇಲ್ಲ.’ ‘ಅಲ್ಲಿ ಯಾರಾದ್ರೂ ಅದಾರಾ?’ ಹತ್ತರವರೆಗೆ ಎಣಿಸಿದೆ. ‘ಯಾರೂ ಇಲ್ಲ.’ ಒಳಕ್ಕೆ ಹೋದ. ತಾಯಿ ಬರಿಗೈಯಲ್ಲೇ ಒನಕೆ ಎತ್ತಿದಂತೆ ಮಾಡಿ ಅವನ ತಲೆಯ ಮೇಲೆ ಮೆಲ್ಲಗೆ ಕೈಯಿಟ್ಟಳು. ಬೆಚ್ಚಿದ, ಆಮೇಲೆ ನಕ್ಕ. ಜಾಗ ಬದಲಾಯಿಸಿ, ಈ ಸಲ ಅವನು ಓಬವ್ವ, ಹೊರಗಿನಿಂದ ಬರುವವನು ನಾನು. ಹೀಗೆ ನಾಲ್ಕು ಸಲ ಆಯಿತು. ಹಿಂದೆ ಬಂದ ಪ್ರವಾಸಿಗಳಿಗೆ ದಾರಿ ಬಿಡಬೇಕಾಗಿ ಬಂದು ಆಟ ನಿಂತಿತು.

ಇಳಿಯುವಾಗ ಮೆಟ್ಟಿಲ ಮೇಲೆ ಕೂತು, ಪ್ರಶ್ನೆಯನ್ನು ಚಿಕ್ಕದು ಮಾಡಿ ಕೇಳಿದೆ: ‘ಸೈನಿಕ ಏನ್ ಅಂದ್ಕೊಂಡ?’ ಎಣಿಸುತ್ತ ಹತ್ತು ದಾಟಿತು. ‘ಯಾರೂ ಇಲ್ಲ ಅಂದ್ಕೊಂಡ’ ಎಂದ ಮಗ. ಸ್ವಲ್ಪ ತಡೆದು, ‘ಅವನಿಗೆ ಗೊತ್ತಿಲ್ಲ, ಪಾಪ’ ಎಂದು ಸೇರಿಸಿದ. ಬಸ್ ನಿಲ್ದಾಣದಲ್ಲಿ ಹೆಂಡತಿ ಚೀಲದಿಂದ ನೋಟ್‌ಬುಕ್ ತೆಗೆದು ತಾರೀಖು ಹಾಕಿ, ಬಲಗಡೆಯ ಸಾಲಿನಲ್ಲಿ ‘ಅಂದ್ಕೊಂಡ’ ಎಂದು ಬರೆದಳು.